‘ಅಪ್ ಟು ಡೇಟ್’ ಎಂದರೆ ಯಾವತ್ತಿನವರೆಗೆ?

ಇಲ್ಲಿ ಕುಳಿತವರಲ್ಲಿ ಬಹಳಷ್ಟು ಮಂದಿ ನನ್ನ ಹಾಗೆ ಕೋಡ್ ಬರೆದು ಹೊಟ್ಟೆ ಹೊರೆಯುವವರು. ಹಾಗಾಗಿ ಒಂದು ತಪ್ಪೊಪ್ಪಿಗೆಯಿಂದಲೇ ಶುರು ಮಾಡುತ್ತೇನೆ.

ನಾನಾಗ ಮ್ಯೂನಿಕ್‌ನಲ್ಲಿದ್ದೆ, ತಂಡದ ಅರ್ಧ ಬೆಂಗಳೂರಿನಲ್ಲಿ. ಅಲ್ಲಿನ ಸಹೋದ್ಯೋಗಿಯೊಬ್ಬರು ಕೆಲಸ ಬಿಡುವ ಕೊನೆಯ ಶುಕ್ರವಾರ, ನಾವಿಬ್ಬರೂ ಹಂಚಿಕೊಂಡಿದ್ದ ಬ್ರಾಂಚಿಗೆ ಮೂರು ದಿನದ ಕೆಲಸ ಪುಶ್ ಮಾಡಿ, ಲ್ಯಾಪ್‌ಟಾಪ್ ಒಪ್ಪಿಸಿ ಹೋದರು. ಸೋಮವಾರ ನಾನು ಗಿಟ್ ಸ್ಟೇಟಸ್ ನೋಡಿದೆ. ಬ್ರಾಂಚ್ ‘ಅಪ್ ಟು ಡೇಟ್’ ಎಂದಿತು. ನಂಬಿದೆ. ನನ್ನ ಹಳೆಯ ಕಮಿಟ್‌ಗಳನ್ನು ರಿಬೇಸ್‌ನಲ್ಲಿ ಒಂದಾಗಿಸಿ ಪುಶ್ ಕೊಟ್ಟರೆ, ರಿಜೆಕ್ಟ್. ರಿಬೇಸ್ ಆದ ಮೇಲೆ ಇದು ಸಹಜವೇ ಎಂದುಕೊಂಡು ಫೋರ್ಸ್ ಹಾಕಿದೆ. ಆಕೆಯ ಮೂರು ದಿನ ಸರ್ವರ್‌ನ ಬ್ರಾಂಚಿನಿಂದ ಮಾಯ.

ಗಿಟ್ ಸುಳ್ಳು ಹೇಳಿರಲಿಲ್ಲ. ಆರಿಜಿನ್ ಹೆಸರು ಹೊತ್ತ ಬ್ರಾಂಚ್ ಸರ್ವರ್ ಅಲ್ಲ. ಕಳೆದ ಸಲ ಫೆಚ್ ಮಾಡಿದಾಗ ಸರ್ವರ್ ಹೇಗಿತ್ತೋ ಅದರ ಗುರುತು, ನಮ್ಮದೇ ಡಿಸ್ಕಿನಲ್ಲಿ ಇರುವಂಥದ್ದು. ಸ್ಟೇಟಸ್ ನೆಟ್‌ವರ್ಕ್ ಮುಟ್ಟುವುದೇ ಇಲ್ಲ, ಆ ಹಳೆಯ ಗುರುತಿಗೆ ಹೋಲಿಸಿ ಉತ್ತರ ಕೊಡುತ್ತದೆ. ಎರಡು ವರ್ಷಕ್ಕೊಮ್ಮೆ ಊರಿಗೆ ಹೋಗುವ ನಮಗೆ ಇದು ಗೊತ್ತಿರಬೇಕು. ತಿರುವಿನ ಹೋಟೆಲ್ ಮುಚ್ಚಿ ಎಷ್ಟೋ ಕಾಲವಾದರೂ ಅದನ್ನೇ ಹೇಳಿ ದಾರಿ ತೋರಿಸುತ್ತಿರುತ್ತೇವೆ.

ಆದ್ದರಿಂದ ಮೊದಲು ಫೆಚ್. ಅದು ನಿಮ್ಮ ಫೈಲುಗಳನ್ನಾಗಲಿ ನೀವು ಕೆಲಸ ಮಾಡುತ್ತಿರುವ ಬ್ರಾಂಚನ್ನಾಗಲಿ ಬದಲಿಸುವುದಿಲ್ಲ, ಗುರುತನ್ನು ಮಾತ್ರ ಹೊಸದು ಮಾಡುತ್ತದೆ. ಆಮೇಲೆ ಸ್ಟೇಟಸ್ ಹೇಳುವ ಮಾತಿಗೆ ಬೆಲೆ. ಬರೀ ಹಿಂದಿದ್ದರೆ ಪುಲ್ ಸಾಕು. ಎರಡೂ ಕಡೆ ಹೊಸ ಕಮಿಟ್‌ಗಳಿದ್ದರೆ ಮರ್ಜ್ ಅಥವಾ ರಿಬೇಸ್. ನಾನು ಪುಲ್‌ಗೆ ರಿಬೇಸ್ ಆಯ್ಕೆ ಸೇರಿಸುತ್ತೇನೆ, ಪುಶ್ ಆಗದ ನನ್ನ ಕಮಿಟ್‌ಗಳು ಅವರದರ ಮೇಲೆ ಕೂರುತ್ತವೆ.

ಬಲವಂತ ಮಾಡಲೇಬೇಕಾದರೆ ‘ಫೋರ್ಸ್ ವಿತ್ ಲೀಸ್’ ಬಳಸಿ. ಸರ್ವರ್‌ನ ಬ್ರಾಂಚ್ ನಿಮ್ಮ ಗುರುತಿನಲ್ಲಿದ್ದಂತೆಯೇ ಇದ್ದರೆ ಮಾತ್ರ ಅದು ಮುಂದುವರಿಯುತ್ತದೆ. ಅಂದು ನನ್ನನ್ನು ಅದು ಖಂಡಿತ ತಡೆಯುತ್ತಿತ್ತು. ಆದರೆ ನಿಮ್ಮ ಎಡಿಟರ್ ಹಿನ್ನೆಲೆಯಲ್ಲಿ ತಾನೇ ಫೆಚ್ ಮಾಡುತ್ತಿದ್ದರೆ ಈ ಕಾವಲು ಸಡಿಲ: ಗುರುತು ಹೊಸದಾಗಿರುತ್ತದೆ, ನೀವು ನೋಡಿರುವುದಿಲ್ಲ. ಅದಕ್ಕೇ ಗಿಟ್ 2.30ರಲ್ಲಿ ‘ಫೋರ್ಸ್ ಇಫ್ ಇನ್‌ಕ್ಲೂಡ್ಸ್’ ಬಂತು; ಲೀಸ್ ಜೊತೆಗೆ ಅದನ್ನೂ ಹಾಕಿ.

ನನ್ನ ರಿಫ್ಲಾಗ್‌ನಲ್ಲಿ ಆಕೆಯ ಕಮಿಟ್‌ಗಳು ಸಿಗಲಿಲ್ಲ. ನಾನು ಫೆಚ್ಚೇ ಮಾಡಿರಲಿಲ್ಲವಲ್ಲ. ಕೊನೆಗೆ, ಶುಕ್ರವಾರ ಸಂಜೆ ಟೆಸ್ಟಿಂಗ್‌ಗೆಂದು ಬ್ರಾಂಚ್ ಇಳಿಸಿಕೊಂಡಿದ್ದ ಬೆಂಗಳೂರಿನ ಹುಡುಗನೊಬ್ಬನ ಯಂತ್ರದಲ್ಲಿ ಎಲ್ಲವೂ ಇದ್ದವು. ಅಲ್ಲಿಂದ ವಾಪಸ್ ತಂದೆವು. ಆಕೆಗೆ ಈ ವಿಷಯ ನಾನಿನ್ನೂ ಹೇಳಿಲ್ಲ.