ಗುರುತಿಲ್ಲದವರಿಗೆ ಬರೆಯುವ ಮುನ್ನ

ಅಕ್ಕಲಕೋಟ, ಜತ್ತ, ದಕ್ಷಿಣ ಸೊಲ್ಲಾಪುರದ ನಮ್ಮ ಹಳ್ಳಿಗಳಲ್ಲಿ ಓದು ಮುಗಿಸಿದ ಮಕ್ಕಳು ಈಗ ನೌಕರಿ ಹುಡುಕುವುದು ಮೊಬೈಲಿನಲ್ಲಿ. ಹಿಂದೆ ಪುಣೆಯಲ್ಲೋ ಬೆಂಗಳೂರಿನಲ್ಲೋ ಇದ್ದ ನೆಂಟರ ವಿಳಾಸ ಬರೆದುಕೊಂಡು ಬಸ್ಸು ಹತ್ತುತ್ತಿದ್ದರು. ಈಗ ಇಮೇಲ್ ಇದೆ, ವಾಟ್ಸ್‌ಆಪ್ ಇದೆ. ಉದ್ಯೋಗದಲ್ಲಿರುವವರು ಒಬ್ಬರಿಗೊಬ್ಬರು ಪರಿಚಯ ಮಾಡಿಕೊಳ್ಳಲೆಂದೇ ಅಮೆರಿಕದಲ್ಲಿ 2003ರಲ್ಲಿ ಶುರುವಾದ ಲಿಂಕ್ಡ್‌ಇನ್ ಇದೆ. ಅಲ್ಲಿ ದೊಡ್ಡ ಕಾರ್ಖಾನೆಯ ಮ್ಯಾನೇಜರೂ ಇರುತ್ತಾರೆ, ನಿನ್ನೆ ಡಿಪ್ಲೊಮಾ ಮುಗಿಸಿದ ಹುಡುಗಿಯೂ ಇರುತ್ತಾಳೆ. ಪಟ್ಟಣದಲ್ಲಿ ನೆಂಟರಿಲ್ಲದವರಿಗೂ ಬಾಗಿಲು ತೆರೆದಂತಾಯಿತು. ಆದರೆ ಬಾಗಿಲು ತೆರೆದಿದೆ ಎಂದು ಎಲ್ಲರೂ ಒಮ್ಮೆಲೇ ನುಗ್ಗಿದರೆ ಒಳಗಿದ್ದವರು ಚಿಲಕ ಹಾಕಿಕೊಳ್ಳುತ್ತಾರೆ. ಆಗುತ್ತಿರುವುದೂ ಅದೇ.

ಒಬ್ಬ ಹುಡುಗ ರಾತ್ರಿ ಕುಳಿತು ಇನ್ನೂರು ಅಧಿಕಾರಿಗಳಿಗೆ ಒಂದೇ ಮಾತು ಕಳಿಸುತ್ತಾನೆ: 'ಸರ್, ಏನಾದರೂ ಕೆಲಸವಿದ್ದರೆ ಕೊಡಿ.' ಜತೆಗೆ ಬಯೋಡೇಟಾ. ಟವೆಲ್ ನೇಯಿಸುವ ಮತ್ತೊಬ್ಬ ತರುಣ ಯಾರದೋ ಮದುವೆಗೆಂದು ಮಾಡಿದ್ದ ಗುಂಪಿನಿಂದ ನಂಬರು ತೆಗೆದು, ಬೆಳಗಾಗುವುದರೊಳಗೆ ಎಲ್ಲರಿಗೂ ಇಪ್ಪತ್ತು ಫೋಟೋ ಕಳಿಸುತ್ತಾನೆ. ಇಬ್ಬರೂ ಕಷ್ಟಪಟ್ಟಿದ್ದಾರೆ. ಇಬ್ಬರಿಗೂ ಉತ್ತರ ಬರುವುದಿಲ್ಲ.

ಇಂಥ ಬೇಡದ ಸಂದೇಶಗಳಿಗೆ 'ಸ್ಪ್ಯಾಮ್' ಎನ್ನುತ್ತಾರೆ. ಅದು 1937ರಲ್ಲಿ ಅಮೆರಿಕದಲ್ಲಿ ಮಾರಾಟಕ್ಕೆ ಬಂದ ಡಬ್ಬಿ ಮಾಂಸದ ಹೆಸರು. 1970ರಲ್ಲಿ ಇಂಗ್ಲೆಂಡಿನ ಟಿವಿಯ ಒಂದು ಹಾಸ್ಯಪ್ರಸಂಗದಲ್ಲಿ, ಹೋಟೆಲಿನ ಬಹುತೇಕ ಎಲ್ಲ ತಿಂಡಿಗಳಲ್ಲೂ ಸ್ಪ್ಯಾಮ್ ಇರುತ್ತದೆ. ಬೇಡವೆಂದರೂ ತಪ್ಪುವುದಿಲ್ಲ. ಹೀಗೆ ಆ ಹೆಸರು ಈ ಪತ್ರಗಳಿಗೆ ಅಂಟಿತು. 1978ರ ಮೇ ತಿಂಗಳಲ್ಲಿ ಗ್ಯಾರಿ ಥುಯರ್ಕ್ ಎಂಬವರು ತಮ್ಮ ಕಂಪ್ಯೂಟರ್ ಕಂಪನಿಯ ಜಾಹೀರಾತನ್ನು ಸುಮಾರು 400 ಜನರಿಗೆ ಒಟ್ಟಿಗೆ ಕಳಿಸಿದ್ದು ಇಂಥ ಮೊದಲ ಪತ್ರವೆಂದು ಹೆಸರಾಗಿದೆ. ಬಂದವರಲ್ಲಿ ಹಲವರು ಅಂದೇ ಸಿಟ್ಟಾಗಿದ್ದರು.

ನಾನು ಬ್ಯಾಂಕಿನಲ್ಲಿ ಗುಮಾಸ್ತನಾಗಿದ್ದಾಗ ಹೊಸ ಖಾತೆ ತೆರೆಯುವವರು ಹಳೆಯ ಖಾತೆದಾರರೊಬ್ಬರಿಂದ ಪರಿಚಯದ ಸಹಿ ತರಬೇಕಿತ್ತು. ದಾರಿಯಲ್ಲಿ ಹೋಗುವವರ ಮುಂದೆಲ್ಲ ಫಾರಂ ಹಿಡಿದರೆ ಯಾರೂ ಸಹಿ ಮಾಡುತ್ತಿರಲಿಲ್ಲ. ಆಧಾರ್, ಪ್ಯಾನ್ ಬಂದ ಮೇಲೆ ಆ ಪದ್ಧತಿ ಹೋಯಿತು. ನೌಕರಿಯ ವಿಷಯದಲ್ಲಿ ಮಾತ್ರ ಹೋಗಿಲ್ಲ. 'ಈ ಹುಡುಗನನ್ನು ನಾನು ಬಲ್ಲೆ' ಎನ್ನುವವರು ತಮ್ಮ ಹೆಸರನ್ನೇ ಒತ್ತೆ ಇಡುತ್ತಾರೆ. ಪರಿಚಯಕ್ಕೆ ಮರಾಠಿಯಲ್ಲಿ 'ಓಳಖ್' ಎನ್ನುವುದು ನಿಮಗೆಲ್ಲ ಗೊತ್ತು. ಆ ಮಾತಿಗೆ ಗುರುತು ಎಂಬ ಅರ್ಥವೂ ಇದೆ. ಗುರುತು ಹತ್ತದ ಹೊರತು ಪರಿಚಯವಿಲ್ಲ.

ಕಂಪನಿಗಳೂ ಇದಕ್ಕೆ ಕಟ್ಟುಪಾಡು ಮಾಡಿವೆ. ವಾಟ್ಸ್‌ಆಪ್ 2018ರಲ್ಲಿ ನಮ್ಮ ದೇಶದಲ್ಲಿ ಒಂದು ಸಂದೇಶವನ್ನು ಒಮ್ಮೆಗೆ ಐದು ಕಡೆಗಷ್ಟೇ ದಾಟಿಸಬಹುದೆಂದು ಮಿತಿ ಹಾಕಿತು. ಅಲ್ಲಿ ಹಲವರಿಗೆ ಒಟ್ಟಿಗೆ ಕಳಿಸಲು ಬ್ರಾಡ್‌ಕಾಸ್ಟ್ ಪಟ್ಟಿ ಇದೆ. ಆದರೆ ನಿಮ್ಮ ನಂಬರನ್ನು ಉಳಿಸಿಕೊಂಡವರಿಗೆ ಮಾತ್ರ ಅದು ಮುಟ್ಟುತ್ತದೆ. ಹಲವರು ದೂರು ಒತ್ತಿದರೆ ನಿಮ್ಮ ಖಾತೆಯೇ ಬಂದಾಗಬಹುದು. ಲಿಂಕ್ಡ್‌ಇನ್‌ನಲ್ಲಿ 'ಇವರು ನನಗೆ ಗೊತ್ತಿಲ್ಲ' ಎಂಬ ಉತ್ತರ ಹೆಚ್ಚಾದರೆ ಹೊಸ ಕೋರಿಕೆ ಕಳಿಸದಂತೆ ತಡೆ ಬೀಳುತ್ತದೆ. ಇಮೇಲನ್ನು ಸ್ಪ್ಯಾಮ್ ಎಂದು ಗುರುತು ಮಾಡಿದರೆ ಮುಂದಿನ ಪತ್ರಗಳೂ ಆ ಕಸದ ಬುಟ್ಟಿಗೇ ಬೀಳತೊಡಗುತ್ತವೆ. ವಿಚಾರ ಮಾಡಿರಿ. ಬಯೋಡೇಟಾದಲ್ಲಿ ಬರೆದ ನಂಬರಿನ ವಾಟ್ಸ್‌ಆಪ್ ಬಂದಾಗಿದ್ದರೆ, ಸಂದರ್ಶನಕ್ಕೆ ಬನ್ನಿ ಎಂದು ಅಲ್ಲಿ ಕಳಿಸಿದ ಕರೆ ನಿಮಗೆ ಮುಟ್ಟುವುದು ಹೇಗೆ?

ಹಾಗಾದರೆ ಬರೆಯುವುದು ಹೇಗೆ?

ಮೊದಲು ಆಯ್ದುಕೊಳ್ಳಿರಿ. ಇನ್ನೂರು ಬೇಡ, ಮೂವರು ಸಾಕು. ನಿಮ್ಮ ಕಸುಬಿನವರೇ, ನಿಮ್ಮ ಕಾಲೇಜಿನಲ್ಲಿ ಓದಿದವರೇ, ನಮ್ಮ ಕಡೆಯವರೇ ಎಂದು ನೋಡಿರಿ. ಅವರು ಏನು ಬರೆದಿದ್ದಾರೆ, ಯಾವ ವಿಭಾಗದಲ್ಲಿದ್ದಾರೆ ಎಂಬುದನ್ನು ಹತ್ತು ನಿಮಿಷ ಓದಿರಿ.

ಎರಡನೆಯದಾಗಿ, ನೀವು ಯಾರು, ಅವರಿಗೇ ಏಕೆ ಬರೆಯುತ್ತಿದ್ದೀರಿ ಎಂಬುದನ್ನು ಮೊದಲ ಎರಡು ಸಾಲಿನಲ್ಲಿ ಹೇಳಿರಿ. ಯಾರಾದರೂ ಅವರ ಹೆಸರು ಕೊಟ್ಟಿದ್ದರೆ, ಆ ವ್ಯಕ್ತಿಯನ್ನು ಕೇಳಿಯೇ ಅವರ ಹೆಸರು ಬರೆಯಿರಿ. ನೌಕರಿಯ ಆಸೆ ತೋರಿಸಿ ಹಣ ಕೀಳುವ ವಂಚಕರೂ ಇದೇ ದಾರಿಯಲ್ಲಿ ಬರುವುದರಿಂದ, ನಿಮ್ಮ ನಿಜ ಹೆಸರು, ನಿಜ ಫೋಟೋ, ಊರು ಇರಲಿ. ಕೇಳದೆ ಲಿಂಕು, ಫೈಲು ಕಳಿಸಬೇಡಿರಿ.

ಮೂರನೆಯದಾಗಿ, ಮೊದಲ ಪತ್ರದಲ್ಲೇ ನೌಕರಿ ಬೇಡಬೇಡಿರಿ. ಎರಡು ನಿಮಿಷದಲ್ಲಿ ಉತ್ತರಿಸಬಹುದಾದ ಒಂದು ಪ್ರಶ್ನೆ ಕೇಳಿರಿ. ಉದಾಹರಣೆಗೆ:

'ಸಾಹೇಬರಿಗೆ ನಮಸ್ಕಾರ. ನಾನು ಜತ್ತ ತಾಲೂಕಿನವನು. ಐಟಿಐ ಮುಗಿಸಿ ಎರಡು ವರ್ಷ ಸಕ್ಕರೆ ಕಾರ್ಖಾನೆಯಲ್ಲಿ ಎಲೆಕ್ಟ್ರಿಷಿಯನ್ ಆಗಿದ್ದೆ. ನಿಮ್ಮ ಮೇಂಟೆನನ್ಸ್ ವಿಭಾಗಕ್ಕೆ ಜನ ಬೇಕೆಂಬ ಜಾಹೀರಾತು ಓದಿದೆ. ಅದಕ್ಕೆ ವೈರ್‌ಮನ್ ಲೈಸೆನ್ಸ್ ಮೊದಲೇ ಇರಬೇಕೆ? ಬಿಡುವಿಲ್ಲದಿದ್ದರೆ ಬೇಸರವಿಲ್ಲ.'

ಟವೆಲ್ ಮಾರುವ ತರುಣನೂ ಹೀಗೆಯೇ ಮಾಡಬೇಕು. ಹೋಟೆಲಿನ ಖರೀದಿ ನೋಡುವವರು ಯಾರೆಂದು ತಿಳಿದುಕೊಂಡು, 'ನಿಮ್ಮಲ್ಲಿ ಯಾವ ಅಳತೆಯ, ಎಷ್ಟು ತೂಕದ ಟವೆಲ್ ಬಳಸುತ್ತೀರಿ? ಒಂದು ನಮೂನೆ ಕಳಿಸಬಹುದೇ?' ಎಂದು ಕೇಳಲಿ. ಬೇಡವೆಂದರೆ ಅಲ್ಲಿಗೆ ಬಿಡಲಿ.

ನಾಲ್ಕನೆಯದು ಭಾಷೆ. ನಮಗೆ ಎರಡು ಭಾಷೆ ಬರುವುದು ದೊಡ್ಡ ಬಂಡವಾಳ. ಪುಣೆಯ ಮರಾಠಿ ಸಾಹೇಬರಿಗೆ ಮರಾಠಿಯಲ್ಲಿ, ಬೆಂಗಳೂರಿನ ಕನ್ನಡಿಗರಿಗೆ ಕನ್ನಡದಲ್ಲಿ ನಾಲ್ಕು ಸಾಲು ನೀವೇ ಬರೆಯಿರಿ. ಎಲ್ಲಿಂದಲೋ ಎತ್ತಿದ ಇಂಗ್ಲಿಷಿಗಿಂತ ಅದು ಮೇಲು. ಅವರು ಇಂಗ್ಲಿಷಿನಲ್ಲೇ ವ್ಯವಹರಿಸುವವರಾದರೆ ಸರಳ ಇಂಗ್ಲಿಷ್ ಸಾಕು.

ಕೊನೆಯದು ತಾಳ್ಮೆ. ಉತ್ತರ ಬರದಿದ್ದರೆ ಒಂದು ವಾರ ಬಿಟ್ಟು ಒಮ್ಮೆ ನೆನಪಿಸಿರಿ. ಮತ್ತೆ ಬೇಡ. ಉತ್ತರ ಬಂದರೆ ಅಂದೇ ವಂದನೆ ತಿಳಿಸಿರಿ. ಅವರು ಹೇಳಿದಂತೆ ಮಾಡಿ ಏನಾಯಿತೆಂದು ತಿಂಗಳ ಮೇಲೆ ಎರಡು ಸಾಲು ಬರೆಯಿರಿ. ಆಗ ನಿಮ್ಮ ಗುರುತು ಉಳಿಯುತ್ತದೆ. ಮುಂದೆ ಜಾಗ ಖಾಲಿಯಾದಾಗ ಅವರಿಗೆ ನಿಮ್ಮ ನೆನಪು ಬಂದೀತು.

ಇನ್ನೊಂದು ಮಾತು. ಗಡಿಯ ಹಳ್ಳಿಯಿಂದ ದೊಡ್ಡ ಕಂಪನಿಗೆ ಹೋದವರು ಕೈಬೆರಳೆಣಿಕೆಯಷ್ಟು. ಅವರೊಬ್ಬರು ನಮ್ಮ ಕಡೆಯ ಹುಡುಗರ ಸಂದೇಶಗಳಿಂದ ಬೇಸತ್ತು ಉತ್ತರಿಸುವುದನ್ನೇ ಬಿಟ್ಟರೆ, ನಷ್ಟ ಕಳಿಸಿದವನೊಬ್ಬನಿಗಲ್ಲ. ಮುಂದಿನ ವರ್ಷ ಓದು ಮುಗಿಸುವ ಅವನ ತಂಗಿಗೂ ಆ ಬಾಗಿಲು ಮುಚ್ಚುತ್ತದೆ.

ಆದ್ದರಿಂದ ಪತ್ರ ಬರೆದ ಮೇಲೆ ಮನೆಯ ಹಿರಿಯರಿಗೆ ಒಮ್ಮೆ ಗಟ್ಟಿಯಾಗಿ ಓದಿ ಹೇಳಿರಿ. ಮೇಲಿನ ಹೆಸರು ಅಳಿಸಿ ಬೇರೆಯವರ ಹೆಸರು ಹಾಕಿದರೂ ನಡೆಯುವಂತಿದ್ದರೆ ಅದನ್ನು ಕಳಿಸಬೇಡಿರಿ. ಮತ್ತೊಮ್ಮೆ ಕುಳಿತು ಬರೆಯಿರಿ.