ಬಾಗಲಕೋಟೆ ಸೀಮೆಯಲ್ಲಿ ಲೋಕ ಅದಾಲತ್

ಬ್ರಿಟಿಷರ ಆಳಿಕೆಯ ಕಾಲದಲ್ಲಿ ಮುಂಬಯಿ ಆಧಿಪತ್ಯದ ವಿಜಾಪುರ ಜಿಲ್ಲೆಗೆ ಸೇರಿದ್ದ ಬಾಗಲಕೋಟೆ, ಬಾದಾಮಿ, ಹುನಗುಂದಗಳ ರೈತನು ತನ್ನ ಹೊಲದ ವ್ಯಾಜ್ಯವನ್ನು ಕಡೆಯವರೆಗೆ ನಡೆಸಬೇಕೆಂದರೆ ಮುಂಬಯಿಯ ಉಚ್ಚ ನ್ಯಾಯಾಲಯದ ಬಾಗಿಲನ್ನೇ ಬಡಿಯಬೇಕಾಗಿದ್ದಿತು. 1956ರ ಏಕೀಕರಣಾನಂತರ ಆ ದಾರಿಯು ಬೆಂಗಳೂರಿನತ್ತ ತಿರುಗಿತಾದರೂ ಪ್ರಯಾಣದ ಕ್ಲೇಶವು ತೀರಲಿಲ್ಲ. 1997ರಲ್ಲಿ ಬಾಗಲಕೋಟೆಯು ಪ್ರತ್ಯೇಕ ಜಿಲ್ಲೆಯಾಗಿ, 2008ರ ಜುಲೈಯಲ್ಲಿ ಧಾರವಾಡದಲ್ಲಿ ಉಚ್ಚ ನ್ಯಾಯಾಲಯದ ಸಂಚಾರಿ ಪೀಠವು ಆರಂಭವಾಗಿ, 2013ರ ಆಗಸ್ಟಿನಲ್ಲಿ ಅದೇ ಖಾಯಂ ಪೀಠವಾದ ಮೇಲೆ, ಮೇಲ್ಮನವಿಯು ಈ ಸೀಮೆಯವರಿಗೆ ಕೈಗೆಟಕುವ ವಸ್ತುವಾಯಿತು.

ಆದರೆ ಮೇಲ್ಮನವಿಯ ಅವಶ್ಯಕತೆಯೇ ಇಲ್ಲದಂತೆ ವ್ಯಾಜ್ಯವನ್ನು ಉಭಯ ಪಕ್ಷಗಳ ರಾಜಿಯಿಂದ ಮುಗಿಸುವ ಲೋಕ ಅದಾಲತ್ತಿನ ಕಾರ್ಯವು ಇದಕ್ಕಿಂತಲೂ ಹೆಚ್ಚು ಗಮನಾರ್ಹವಾದುದು. 1976ರಲ್ಲಿ ಸಂವಿಧಾನಕ್ಕೆ ಸೇರ್ಪಡೆಯಾದ, ಉಚಿತ ಕಾನೂನು ನೆರವನ್ನು ಕುರಿತ 39-ಎ ವಿಧಿಯ ಆಶಯವನ್ನು ನಡೆಸಿಕೊಡಲೆಂದು ರಚಿತವಾದ 1987ರ ಕಾನೂನು ಸೇವೆಗಳ ಪ್ರಾಧಿಕಾರಗಳ ಅಧಿನಿಯಮವು 1995ರ ನವೆಂಬರ್ 9ರಂದು ಜಾರಿಗೆ ಬಂದಿತು. ಅದರನ್ವಯ ಜಿಲ್ಲಾ ನ್ಯಾಯಾಧೀಶರ ಅಧ್ಯಕ್ಷತೆಯಲ್ಲಿ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರವೂ ತಾಲೂಕುಗಳಲ್ಲಿ ಸೇವಾ ಸಮಿತಿಗಳೂ ಇದ್ದು, ಲೋಕ ಅದಾಲತ್ತುಗಳನ್ನು ನಡೆಸುವುದಲ್ಲದೆ ವಕೀಲರ ಸಂಘಗಳೊಡನೆ ಕೂಡಿ ಶಾಲೆಗಳಲ್ಲಿಯೂ ಹಳ್ಳಿಗಳಲ್ಲಿಯೂ ಬಾಲ್ಯವಿವಾಹ ನಿಷೇಧವೇ ಮೊದಲಾದ ವಿಷಯಗಳನ್ನು ಕುರಿತು ಕಾನೂನು ಅರಿವಿನ ಶಿಬಿರಗಳನ್ನು ಏರ್ಪಡಿಸುತ್ತವೆ.

ಅಗ್ರಹಾರಗಳ ಮಹಾಜನರು ಕೂಡಿ ಕುಳಿತು ಊರ ಜಗಳವನ್ನು ಬಗೆಹರಿಸುತ್ತಿದ್ದ ಪದ್ಧತಿಯನ್ನು ಕಂಡಿದ್ದ ಈ ನಾಡಿಗೆ ರಾಜಿಯೆಂಬುದು ನೂತನವಲ್ಲ. ಲೋಕ ಅದಾಲತ್ತಿನ ರಾಜಿಗಾದರೋ ನ್ಯಾಯಾಲಯದ ಡಿಕ್ರಿಯ ಬಲವಿದೆ. ಅದರ ಮೇಲೆ ಅಪೀಲು ಇಲ್ಲ. ಕಟ್ಟಿದ ಕೋರ್ಟು ಶುಲ್ಕವು ಹಿಂದಿರುಗುತ್ತದೆ. ಒಪ್ಪಂದವು ಕೂಡದಿದ್ದರೆ ಪ್ರಕರಣವು ತಾನು ನಿಂತಿದ್ದ ಹಂತದಿಂದಲೇ ನ್ಯಾಯಾಲಯದಲ್ಲಿ ಮುಂದುವರಿಯುವುದರಿಂದ ಪ್ರಯತ್ನಿಸಿದವನಿಗೆ ನಷ್ಟವೇನೂ ಇಲ್ಲ. ರಾಜಿಗೆ ಅರ್ಹವಲ್ಲದ ಅಪರಾಧಗಳು ಮಾತ್ರ ಇಲ್ಲಿಗೆ ಬರಲಾರವು. ಇಳಕಲ್ಲಿನ ಸೀರೆಯ, ಗ್ರಾನೈಟಿನ ವ್ಯಾಪಾರದಂತಹ ಕಸುಬುಗಳಲ್ಲಿ ಹುಟ್ಟುವ ಚೆಕ್ ಬೌನ್ಸಿನ ಮೊಕದ್ದಮೆ, ರಸ್ತೆ ಅಪಘಾತದ ಪರಿಹಾರ, ಆಲಮಟ್ಟಿಯ ಹಿನ್ನೀರಿಗೆ ಮನೆ ಹೊಲ ಬಿಟ್ಟವರ ಭೂಪರಿಹಾರದ ತಕರಾರು, ಅಣ್ಣತಮ್ಮಂದಿರ ಆಸ್ತಿಪಾಲಿನ ವಾಟ್ನಿ ದಾವೆ ಇಂಥವುಗಳೆಲ್ಲ ಬರಬಲ್ಲವು. ಗೆದ್ದವ ಸೋತ, ಸೋತವ ಸತ್ತ ಎಂಬ ನಮ್ಮ ಗಾದೆಯ ಹಿಂದಿರುವ ದುಃಖವನ್ನು, ತಾರೀಖಿನಿಂದ ತಾರೀಖಿಗೆ ಅಲೆದು ಕೂಲಿಯನ್ನೂ ನೆಮ್ಮದಿಯನ್ನೂ ಕಳೆದುಕೊಂಡವನೇ ಬಲ್ಲನು.

ಇಷ್ಟನ್ನು ಮನಃಪೂರ್ವಕವಾಗಿ ಮೆಚ್ಚಿಯೂ ಒಂದು ಮಾತನ್ನು ಒತ್ತಿ ಹೇಳಲೇಬೇಕಾಗಿದೆ. ಇತ್ಯರ್ಥವಾದ ಪ್ರಕರಣಗಳ ಸಂಖ್ಯೆಯಷ್ಟೇ ಯಶಸ್ಸಿನ ಅಳತೆಯಾಗಬಾರದು; ಸಹಿ ಹಾಕಿದ ಕೈಯು ಸ್ವೇಚ್ಛೆಯಿಂದ ಹಾಕಿತೇ ಎಂಬುದು ಅದಕ್ಕಿಂತ ದೊಡ್ಡ ಪ್ರಶ್ನೆ. ಹಿಂದೂ ಉತ್ತರಾಧಿಕಾರ ಅಧಿನಿಯಮದ 2005ರ ತಿದ್ದುಪಡಿಯು ಹಿಂದೂ ಅವಿಭಕ್ತ ಕುಟುಂಬದ ಪಿತ್ರಾರ್ಜಿತ ಆಸ್ತಿಯಲ್ಲಿ ಮಗಳಿಗೂ ಮಗನಿಗೆ ಸಮಾನವಾದ ಹಕ್ಕನ್ನು ಕೊಟ್ಟಿದೆ. ಆ ತಿದ್ದುಪಡಿಯು ಜಾರಿಗೆ ಬಂದ ದಿನ ತಂದೆಯು ಬದುಕಿರಲೇಬೇಕೆಂಬ ನಿರ್ಬಂಧವಿಲ್ಲವೆಂದು ಸರ್ವೋಚ್ಚ ನ್ಯಾಯಾಲಯವು 2020ರಲ್ಲಿ ಸ್ಪಷ್ಟಪಡಿಸಿದೆ. ಹೀಗಿರುವಾಗ, ತವರಿನ ಬಾಗಿಲು ಮುಚ್ಚೀತೆಂಬ ಭಯದಿಂದ ಅಕ್ಕತಂಗಿಯರು ತಮ್ಮ ಪಾಲನ್ನು ಬಿಟ್ಟುಕೊಟ್ಟರೆ ಅದನ್ನು ಸಮಾಧಾನವೆಂದು ಕರೆಯಲು ಮನಸ್ಸು ಒಪ್ಪದು. ಸಂಧಾನಕ್ಕೆ ಕುಳಿತ ನ್ಯಾಯಾಧೀಶರೂ ವಕೀಲರೂ ಅಂಥವಳ ಹಕ್ಕನ್ನು ಮೊದಲು ಆಕೆಗೆ ತಿಳಿಯಹೇಳಿ, ಬಳಿಕವೇ ಆಕೆಯ ಒಪ್ಪಿಗೆಯನ್ನು ಕೇಳಲಿ.

ಓದುಗರಲ್ಲಿ ಹೆಣ್ಣುಮಕ್ಕಳು ವಿಶೇಷವಾಗಿ ನೆನಪಿಡಬೇಕಾದುದು ಇದು: ಆದಾಯವೆಷ್ಟೇ ಇರಲಿ, ಸ್ತ್ರೀಯರಿಗೆ ಸರ್ಕಾರದ ವೆಚ್ಚದಲ್ಲಿ ವಕೀಲರನ್ನು ಪಡೆಯುವ ಅಧಿಕಾರವಿದೆ. ಅದಕ್ಕಾಗಿ ತಾಲೂಕು ನ್ಯಾಯಾಲಯದಲ್ಲಿರುವ ಕಾನೂನು ಸೇವಾ ಸಮಿತಿಗೆ ಅರ್ಜಿ ಕೊಡಬಹುದು. 15100 ಸಂಖ್ಯೆಗೆ ದೂರವಾಣಿ ಕರೆ ಮಾಡಿ ವಿಚಾರಿಸಲೂಬಹುದು.