ತಿರುಮಲಾರ್ಯ: ಶ್ರೀರಂಗಪಟ್ಟಣದ ಕವಿಮಂತ್ರಿ

ತಿರುಮಲಾರ್ಯ (1645–1706) ಶ್ರೀರಂಗಪಟ್ಟಣದಲ್ಲಿ ಚಿಕ್ಕದೇವರಾಜ ಒಡೆಯರ ಆಸ್ಥಾನಕವಿಯೂ ಮಂತ್ರಿಯೂ ಆಗಿದ್ದವನು. ತಂದೆ ಅಳಸಿಂಗರಾರ್ಯ ಅರಮನೆಯಲ್ಲಿ ಪುರಾಣ ಹೇಳುತ್ತಿದ್ದ. ಅರಸುಮಗನೂ ಪೌರಾಣಿಕನ ಮಗನೂ ಒಟ್ಟಿಗೇ ಓದಿದರು. 1673ರಲ್ಲಿ ಚಿಕ್ಕದೇವರಾಜ ಪಟ್ಟಕ್ಕೆ ಬಂದಾಗ ಗೆಳೆಯನೂ ಮಂತ್ರಿಮಂಡಲ ಸೇರಿದ. ಪ್ರಧಾನಿ ವಿಶಾಲಾಕ್ಷ ಪಂಡಿತನ ಕೊಲೆಯಾದ ಮೇಲೆ ಆ ಸ್ಥಾನವೂ ಇವನದಾಯಿತು.

ಒಡೆಯರ ಮನೆತನಕ್ಕೆ ಆಗ ಕವಿಯ ಅಗತ್ಯ ತುಂಬಾ ಇತ್ತು. ರಾಜ ಒಡೆಯರು ವಿಜಯನಗರದ ಪ್ರತಿನಿಧಿಯಿಂದ ಶ್ರೀರಂಗಪಟ್ಟಣ ಪಡೆದದ್ದು 1610ರಲ್ಲಿ. ಸಿಂಹಾಸನ ಹೊಸದು, ಅದಕ್ಕೆ ಹಳೆಯ ವಂಶ ಬೇಕು. ‘ಚಿಕದೇವರಾಜ ವಂಶಾವಳಿ’ ಅದನ್ನು ಒದಗಿಸುತ್ತದೆ: ದ್ವಾರಕೆಯ ಯದುಕುಲದವರು ಯದುಗಿರಿಯ, ಅಂದರೆ ಇಂದಿನ ಪಾಂಡವಪುರ ತಾಲ್ಲೂಕಿನ ಮೇಲುಕೋಟೆಯ, ನಾರಾಯಣನನ್ನು ಅರಸಿ ಬಂದು ಈ ಸೀಮೆಯಲ್ಲೇ ನೆಲೆನಿಂತರಂತೆ. ಇತಿಹಾಸವಾಗಿ ಇದನ್ನು ಒಪ್ಪುವುದು ಕಷ್ಟ. ಗದ್ಯವಾಗಿ ಓದಿದರೆ ರುಚಿಯೇ ಬೇರೆ. ಪೂರ್ವಜರ ಕಾಳಗಗಳು, ಓಲಗದ ಮಾತುಕತೆಗಳು ಇಲ್ಲಿ ಜೀವ ತಳೆಯುತ್ತವೆ. ‘ಚಿಕದೇವರಾಜ ವಿಜಯ’ ಚಂಪೂಕಾವ್ಯ. ‘ಅಪ್ರತಿಮವೀರ ಚರಿತೆ’ ಹೆಸರಿಗೆ ಚರಿತೆ, ವಾಸ್ತವದಲ್ಲಿ ಅಲಂಕಾರಶಾಸ್ತ್ರ. ಉಪಮೆಯ ಲಕ್ಷಣ ಹೇಳಿದರೆ ಉದಾಹರಣೆಯಲ್ಲಿ ಚಿಕ್ಕದೇವರಾಜ, ರೂಪಕಕ್ಕೂ ಅವನೇ. ‘ಅಪ್ರತಿಮವೀರ’ ಎಂಬುದೂ ಅರಸನದೇ ಬಿರುದು.

ಮಧ್ಯಯುಗದ ವೇಲ್ಸ್‌ನ ಆಸ್ಥಾನಕವಿಗಳೂ ಅರಸರ ಪರಾಕ್ರಮ ಹಾಡಿ ವಂಶಾವಳಿ ಕಾಯುತ್ತಿದ್ದರು. ಇಂಗ್ಲೆಂಡಿನ ಒಂದನೇ ಎಡ್ವರ್ಡ್ ಆ ನಾಡನ್ನು ಗೆದ್ದ ಮೇಲೆ ಅವರು ಸ್ಥಳೀಯ ಭೂಮಾಲೀಕರ ಆಶ್ರಯ ಹಿಡಿಯಬೇಕಾಯಿತು. ತಿರುಮಲಾರ್ಯನಿಗೆ ಆ ಗತಿ ಬರಲಿಲ್ಲ; ಹೊಗಳಿದವನೇ ಆಡಳಿತವನ್ನೂ ನಡೆಸುತ್ತಿದ್ದ. ಹೊಸ ತೆರಿಗೆಗಳ ವಿರುದ್ಧ ರೈತರು ದಂಗೆಯೆದ್ದದ್ದು, ಅದನ್ನು ಕ್ರೂರವಾಗಿ ಹತ್ತಿಕ್ಕಿದ್ದು ಕರ್ನಲ್ ವಿಲ್ಕ್ಸ್ ಬರೆದ ಮೈಸೂರಿನ ಇತಿಹಾಸದಲ್ಲಿದೆ. ಬಿರುದಾವಳಿಯಲ್ಲಿ ಅದನ್ನು ಹುಡುಕುವುದು ವ್ಯರ್ಥ.

ಅರಸನ ಹೆಸರಿನಲ್ಲೇ ಇರುವ ಕೃತಿಗಳದು ಇನ್ನೊಂದು ಸ್ವಾರಸ್ಯ. ‘ಚಿಕದೇವರಾಜ ಬಿನ್ನಪ’ದಲ್ಲಿ ಮೇಲುಕೋಟೆಯ ನಾರಾಯಣನಿಗೆ ಮಾಡಿಕೊಂಡ ಮೂವತ್ತು ಗದ್ಯ ಬಿನ್ನಹಗಳಿವೆ. ಜಯದೇವನ ‘ಗೀತಗೋವಿಂದ’ದ ಜಾಡಿನಲ್ಲಿ ‘ಗೀತಗೋಪಾಲ’ವಿದೆ. ಇವುಗಳ ಹಿಂದಿರುವುದು ತಿರುಮಲಾರ್ಯನ ಕೈ ಎಂದು ಹಲವು ವಿದ್ವಾಂಸರು ಶಂಕಿಸಿದ್ದಾರೆ. ದಿನವೂ ಅರಸನ ಪರವಾಗಿ ಮಾತಾಡುತ್ತಿದ್ದ ಮಂತ್ರಿಗೆ ದೇವರ ಮುಂದೆಯೂ ಅವನ ದನಿಯಾಗುವುದು ಕಷ್ಟವಾಗಿರಲಾರದು.

ತಮ್ಮ ಸಿಂಗರಾರ್ಯ ಶ್ರೀಹರ್ಷನ ‘ರತ್ನಾವಳಿ’ಯನ್ನು ಆಧರಿಸಿ ‘ಮಿತ್ರವಿಂದಾ ಗೋವಿಂದ’ ಬರೆದ. ನಮಗೆ ದೊರೆತಿರುವ ಕನ್ನಡ ನಾಟಕಗಳಲ್ಲಿ ಇದೇ ಮೊದಲನೆಯದು. ಅರಮನೆಯಲ್ಲಿ ಎಲೆಅಡಿಕೆಯ ಸಂಚಿ ಹಿಡಿಯುತ್ತಿದ್ದ, ‘ಹದಿಬದೆಯ ಧರ್ಮ’ ಬರೆದ ಹೊನ್ನಮ್ಮ ಗುರುವೆಂದು ನೆನೆಯುವುದೂ ಈ ಮನೆತನದವನನ್ನೇ. 1704ರಲ್ಲಿ ಚಿಕ್ಕದೇವರಾಜ ತೀರಿಕೊಂಡ. ಎರಡು ವರ್ಷಗಳ ಬಳಿಕ ತಿರುಮಲಾರ್ಯನೂ ಕಾಲವಾದ.